ಬಸುರಿಯಲ್ಲಿ ತಿಂದ ಪಾರ್ಸೆಲ್, ಇಳಿಯದ ವೃಷಣ: ಥ್ಯಾಲೇಟ್ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: ನಾವು ಗೋಣಿಕೊಪ್ಪಲು ಕಡೆಯವರು. ಮಗನಿಗೆ ಐದು ತಿಂಗಳು. ಹುಟ್ಟಿದಾಗಿನಿಂದ ಬಲಗಡೆಯ ವೃಷಣ ಚೀಲಕ್ಕೆ ಇಳಿದಿಲ್ಲ. ಬಸುರಿಯಲ್ಲಿ ವಾಂತಿ ವಿಪರೀತವಿತ್ತು, ಒಲೆ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಬಿಸಿ ಸಾಂಬಾರ್, ಪಂದಿ ಕರಿ ಎಲ್ಲವನ್ನೂ ಹೋಟೆಲಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ತರಿಸಿ ತಿಂದೆ. ಪ್ಲಾಸ್ಟಿಕ್‌ನಲ್ಲಿರುವ ಥ್ಯಾಲೇಟ್‌ನಿಂದ ಗಂಡುಮಕ್ಕಳಿಗೆ ಹೀಗಾಗುತ್ತದೆ ಎಂಬ ವಿಡಿಯೊ ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಅತ್ತೆಯೂ ಅದನ್ನೇ ಆಡುತ್ತಾರೆ. ನನ್ನಿಂದಲೇ ಆಯಿತೇ ಡಾಕ್ಟ್ರೇ? ಮೂತ್ರ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಮೊದಲು ಆಗಬೇಕಾದ ಕೆಲಸ ಹೇಳುತ್ತೇನೆ, ಕಾರಣದ ಮಾತು ಆಮೇಲೆ. ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ದಿನ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ 100ಕ್ಕೆ 2ರಿಂದ 4 ಮಕ್ಕಳಿಗೆ ಹೀಗಿರುತ್ತದೆ. ಹೆಚ್ಚಿನವರಲ್ಲಿ ಮೊದಲ ಕೆಲವು ತಿಂಗಳಲ್ಲೇ ತಾನಾಗಿ ಇಳಿಯುತ್ತದೆ. ಆರು ತಿಂಗಳು ದಾಟಿದ ಮೇಲೆ ಇಳಿಯುವುದು ಅಪರೂಪ. ಆದ್ದರಿಂದ 6ರಿಂದ 18 ತಿಂಗಳ ಒಳಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ವೃಷಣವನ್ನು ಕೆಳಗೆ ತಂದು ನಿಲ್ಲಿಸುತ್ತಾರೆ. ತಡವಾದರೆ ಮುಂದೆ ಸಂತಾನಶಕ್ತಿ ಕುಗ್ಗುತ್ತದೆ, ದೊಡ್ಡವನಾದ ಮೇಲೆ ಆ ವೃಷಣದಲ್ಲಿ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚುತ್ತದೆ. ಸ್ಕ್ಯಾನಿಂಗ್‌ಗೆ ಓಡಬೇಡಿ, ನುರಿತ ಕೈಯ ಪರೀಕ್ಷೆ ಅದಕ್ಕಿಂತ ಹೆಚ್ಚು ಹೇಳುತ್ತದೆ. ನೀವೂ ಒಮ್ಮೆ ನೋಡಬಹುದು. ನಮ್ಮ ಕೊಡಗಿನ ಚಳಿಗೆ ಸರಿಯಾಗಿ ಇಳಿದಿರುವ ವೃಷಣವೂ ತೊಡೆಸಂದಿಗೆ ಏರಿ ಕೂರುತ್ತದೆ. ಬಿಸಿನೀರಿನ ಸ್ನಾನವಾದ ಮೇಲೆ, ಬೆಚ್ಚಗಿನ ಕೈಯಿಂದ ಮುಟ್ಟಿ. ಆಗ ಚೀಲದಲ್ಲೇ ಸಿಕ್ಕಿದರೆ ಅದನ್ನೂ ಡಾಕ್ಟರಿಗೆ ಹೇಳಿ. (ಹುಟ್ಟಿದಾಗ ಎರಡೂ ಕಡೆ ಕೈಗೆ ಸಿಗದಿದ್ದರೆ ಮಾತ್ರ ಆರು ತಿಂಗಳು ಕಾಯುವಂತಿಲ್ಲ, ಆ ವಾರವೇ ತೋರಿಸಬೇಕು.)

ಈಗ ಕಾರಣ. ಥ್ಯಾಲೇಟ್ ಅಂದರೆ ಗಡುಸಾದ ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಂಥ ರಾಸಾಯನಿಕಗಳ ಗುಂಪು. ಪ್ಲಾಸ್ಟಿಕ್‌ಗೆ ಅದು ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಶಾಖ ತಗಲಿದರೆ, ಜಿಡ್ಡು ಸೋಕಿದರೆ ಹೊರಗೆ ಬರುತ್ತದೆ. ಈ ಗುಂಪಿನ ಎಲ್ಲವೂ ಒಂದೇ ತರಹ ಅಲ್ಲ. ಬಸುರಿ ಇಲಿಗೆ ಡಿಇಎಚ್‌ಪಿ, ಡಿಬಿಪಿ, ಬಿಬಿಪಿ ಎಂಬವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಗಂಡು ಮರಿಯ ವೃಷಣದಲ್ಲಿ ಟೆಸ್ಟೋಸ್ಟೆರಾನ್ ತಯಾರಿ ಕುಸಿಯುತ್ತದೆ. ವೃಷಣವನ್ನು ಕೆಳಕ್ಕೆ ಎಳೆದು ತರುವ ಇನ್ನೊಂದು ಹಾರ್ಮೋನೂ ಕಡಿಮೆಯಾಗುತ್ತದೆ. ಹುಟ್ಟಿದ ಮರಿಗಳಲ್ಲಿ ಇಳಿಯದ ವೃಷಣ, ಶಿಶ್ನದ ತುದಿಯಲ್ಲಿರಬೇಕಾದ ಮೂತ್ರದ್ವಾರ ಕೆಳಭಾಗದಲ್ಲಿರುವುದು, ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಚಿಕ್ಕದಾಗುವುದು ಕಾಣುತ್ತವೆ. ಸುಗಂಧದ್ರವ್ಯಗಳಲ್ಲಿ ಬಳಸುವ ಡಿಇಪಿಯನ್ನು ಅದೇ ರೀತಿ ಕೊಟ್ಟಾಗ ಇಲಿಮರಿಗಳಲ್ಲಿ ಈ ದೋಷಗಳು ಬರಲಿಲ್ಲ.

ಮನುಷ್ಯರ ವಿಷಯ ಇಷ್ಟು ನೇರವಾಗಿಲ್ಲ. 2005ರಲ್ಲಿ ಅಮೆರಿಕದ ಶಾನಾ ಸ್ವಾನ್ ಮತ್ತು ಜೊತೆಗಾರರು 85 ಗಂಡುಮಕ್ಕಳನ್ನು ಅಳೆದರು. ಬಸುರಿಯಲ್ಲಿ ತಾಯಿಯ ಮೂತ್ರದಲ್ಲಿ ಕೆಲವು ಥ್ಯಾಲೇಟ್‌ಗಳ ಅಂಶ ಹೆಚ್ಚಿದ್ದ ಮಕ್ಕಳಲ್ಲಿ ನಾನು ಹೇಳಿದ ಆ ಅಂತರ ಚಿಕ್ಕದಿತ್ತು. ಹತ್ತು ವರ್ಷದ ಬಳಿಕ ಇನ್ನೂ ದೊಡ್ಡ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳ ಡಿಇಎಚ್‌ಪಿ ಮಟ್ಟಕ್ಕೂ ಅದಕ್ಕೂ ಸಂಬಂಧ ಕಂಡಿತು. ಆದರೆ ಅಂತರ ಕೆಲವು ಮಿಲಿಮೀಟರ್ ಕಡಿಮೆ ಇರುವುದೇ ಒಂದು ಕಾಯಿಲೆಯಲ್ಲ. ಇತ್ತ 2012ರಲ್ಲಿ ಮಾನವ ಭ್ರೂಣದ ವೃಷಣದ ಅಂಗಾಂಶವನ್ನು ಇಲಿಗೆ ಕಸಿ ಮಾಡಿ ಡಿಬಿಪಿ ಕೊಟ್ಟು ನೋಡಿದಾಗ, ಇಲಿಯ ವೃಷಣದಲ್ಲಿ ಆದಂತೆ ಟೆಸ್ಟೋಸ್ಟೆರಾನ್ ಕುಸಿಯಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬಸುರಿಯರು ಇದನ್ನು ದೂರವಿಡಲು ಇರುವ ಪುರಾವೆ ಸಾಕು. ಒಬ್ಬ ತಾಯಿಯನ್ನು ಕರೆದು ‘ನಿನ್ನ ಮಗನಿಗೆ ಇದರಿಂದಲೇ ಆಯಿತು’ ಎನ್ನಲು ಸಾಲದು. ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟುವಾಗಿನ ಕಡಿಮೆ ತೂಕ, ಮನೆತನದಲ್ಲಿ ಮೊದಲೇ ಇರುವುದು, ಇವು ಇದಕ್ಕಿಂತ ಗಟ್ಟಿಯಾದ ಕಾರಣಗಳು. ಎಷ್ಟೋ ಮಕ್ಕಳಲ್ಲಿ ಕಾರಣವೇ ಸಿಗುವುದಿಲ್ಲ. ಅತ್ತೆಯವರಿಗೆ ಈ ಪ್ಯಾರಾವನ್ನು ಓದಿ ಹೇಳಿ.

ಇನ್ನೊಂದು ಮಾತು. ಹೋಟೆಲಿನವರು ಸಾಂಬಾರ್ ಕಟ್ಟುವ ತೆಳು ಕವರು ಸಾಮಾನ್ಯವಾಗಿ ಪಾಲಿಥೀನ್. ಅದನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಬೇಕಿಲ್ಲ. ಹಾಗಂತ ಕುದಿಯುವ ಸಾರನ್ನು ಅದಕ್ಕೆ ಸುರಿಯಿರಿ ಎನ್ನುತ್ತಿಲ್ಲ. ಬಣ್ಣದ, ಮರುಬಳಕೆಯ ಕವರುಗಳಲ್ಲಿ ಏನೇನಿರುತ್ತದೋ ಕಟ್ಟುವವರಿಗೂ ಗೊತ್ತಿರುವುದಿಲ್ಲ.

ಮೂತ್ರ ಪರೀಕ್ಷೆ ಬೇಡ. ಥ್ಯಾಲೇಟ್ ದೇಹದಲ್ಲಿ ಕೂಡಿಕೊಳ್ಳುವುದಿಲ್ಲ, ಬಹುಪಾಲು ಒಂದೆರಡು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ. ಇವತ್ತಿನ ಪರೀಕ್ಷೆ ನಿನ್ನೆಯ ಕಥೆ ಹೇಳೀತು, ಒಂದು ವರ್ಷದ ಹಿಂದಿನದನ್ನಲ್ಲ. ಎದೆಹಾಲು ನಿಲ್ಲಿಸುವ ಯೋಚನೆಯೂ ಬೇಡ.

ಮುಂದೆ ಮತ್ತೊಂದು ಮಗು ಬೇಕೆನಿಸಿದರೆ ಇದನ್ನು ನೆನಪಿಡಿ. ಗಂಡುಮಗುವಿನ ಜನನಾಂಗ ರೂಪುಗೊಳ್ಳಲು ಹಾರ್ಮೋನ್ ಸರಿಯಾಗಿ ಸಿಗಬೇಕಾದ ಮುಖ್ಯ ಕಾಲ ಸುಮಾರು 8ರಿಂದ 14ನೇ ವಾರ. ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ ಅದು ಶುರುವಾಗಿರುತ್ತದೆ. ಎಚ್ಚರ ವಹಿಸುವುದಾದರೆ ಮಗು ಬೇಕೆಂದು ಯೋಚಿಸಿದ ದಿನದಿಂದಲೇ ಶುರುಮಾಡಿ. ಹೆಚ್ಚೇನೂ ಬೇಡ, ಪಾರ್ಸೆಲ್‌ಗೆ ಸ್ಟೀಲ್ ಡಬ್ಬಿ ಕಳಿಸಿ. ಕೊಬ್ಬಿರುವ ಪಂದಿ ಕರಿಗಂತೂ ಕಡ್ಡಾಯ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಕಾಫಿ ತೋಟ. ನನಗೆ 28, ಮದುವೆ ಗೊತ್ತಾಗಿದೆ. ಮಳೆಗಾಲ ಪೂರ್ತಿ ಪ್ಲಾಸ್ಟಿಕ್ ರೈನ್‌ಕೋಟ್, ಗಂಬೂಟಿನಲ್ಲೇ ಇರುತ್ತೇನೆ. ವೀರ್ಯಕ್ಕೆ ತೊಂದರೆ ಇದೆಯೇ?

ಉತ್ತರ: ದಯವಿಟ್ಟು ಗಂಬೂಟ್ ಬಿಚ್ಚಬೇಡಿ. ಜಿಗಣೆ, ಹಾವು ಹಾಗಿರಲಿ, ಔಷಧಿ ಹೊಡೆಯುವಾಗ ಕಾಲಿಗೆ ಅದೇ ರಕ್ಷಣೆ. ಮೆತ್ತನೆಯ ಪಿವಿಸಿಯಲ್ಲಿ ಥ್ಯಾಲೇಟ್ ಇರಬಹುದು ನಿಜ, ಆದರೆ ಡಿಇಎಚ್‌ಪಿಯಂಥ ಭಾರದ ಅಣು ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ, ಬಾಯಿಯೇ ಅದರ ಮುಖ್ಯ ದಾರಿ. ಒಳಗೆ ಕಾಲುಚೀಲ ಹಾಕಿಕೊಳ್ಳಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ವಯಸ್ಕ ಗಂಡಸರಲ್ಲಿ ಥ್ಯಾಲೇಟ್ ಮಟ್ಟ ಹೆಚ್ಚಿದ್ದರೆ ವೀರ್ಯದ ಗುಣಮಟ್ಟ ಸ್ವಲ್ಪ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅದು ಸಿಗರೇಟು, ಗುಟ್ಕಾ, ಅತಿಯಾದ ಕುಡಿತ, ಬೊಜ್ಜು ಇವುಗಳ ಮುಂದೆ ಚಿಕ್ಕದು. ಇವುಗಳಲ್ಲಿ ಯಾವುದಾದರೂ ಇದ್ದರೆ ಈಗಲೇ ಬಿಡಿ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಬಿಟ್ಟ ಫಲ ಕಾಣಲು ಅಷ್ಟಾದರೂ ಕಾಯಬೇಕು. ಚಿಕ್ಕಂದಿನಲ್ಲಿ ವೃಷಣದ ಶಸ್ತ್ರಚಿಕಿತ್ಸೆ ಆಗಿದ್ದರೆ ವೀರ್ಯ ಪರೀಕ್ಷೆ ಮಾಡಿಸಬಹುದು. ಇಲ್ಲದಿದ್ದರೆ ಮದುವೆಗೆ ಮುಂಚೆ ಅದರ ಅಗತ್ಯ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಮಡಿಕೇರಿ ದಸರಾದಲ್ಲಿ ಮೊಮ್ಮಗನಿಗೆ ಮೆತ್ತನೆಯ ಗೊಂಬೆ ಕೊಡಿಸಿದೆ. ಹಲ್ಲು ಬರುತ್ತಿದೆ, ಸದಾ ಕಚ್ಚುತ್ತಾನೆ. ಮಗಳು ಬಿಸಾಡಿ ಅನ್ನುತ್ತಾಳೆ. ತೋಟದ ಪಿವಿಸಿ ಪೈಪಿನ ನೀರು, ಪ್ಲಾಸ್ಟಿಕ್ ಬಾಟಲಿಯ ಕಾಚಂಪುಳಿ ಎಲ್ಲದಕ್ಕೂ ಈಗ ಅವಳದ್ದು ತಕರಾರು.

ಉತ್ತರ: ಗೊಂಬೆಯ ವಿಷಯದಲ್ಲಿ ಮಗಳ ಮಾತು ಕೇಳಿ. ಯುರೋಪು 1999ರಲ್ಲೇ ಪುಟ್ಟ ಮಕ್ಕಳು ಬಾಯಿಗಿಡುವ ಮೆತ್ತನೆಯ ಆಟಿಕೆಗಳಲ್ಲಿ ಆರು ಥ್ಯಾಲೇಟ್‌ಗಳನ್ನು ತಡೆಯಿತು. ಅಮೆರಿಕ 2008ರಲ್ಲಿ ಕಾನೂನು ಮಾಡಿ ಶೇ 0.1ರ ಮಿತಿ ಹಾಕಿತು. ನಮ್ಮಲ್ಲಿ 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆ ಅಂಗಡಿಯ ಎಷ್ಟೋ ಗೊಂಬೆಗಳಲ್ಲಿ ಆ ಗುರುತು ಇರುವುದಿಲ್ಲ. ಕಚ್ಚಲು ಬಟ್ಟೆಯದೋ ಬಣ್ಣ ಬಳಿಯದ ಮರದ್ದೋ ಕೊಡಿ.

ಪೈಪಿಗೆ ಹೆದರಬೇಕಿಲ್ಲ. ನೀರು ಸಾಗಿಸುವ ಗಡುಸು ಪಿವಿಸಿಗೆ ಮೆತ್ತಗೆ ಮಾಡುವ ಎಣ್ಣೆ ಹಾಕುವುದಿಲ್ಲ. ಬಾಗುವ ಹೋಸ್‌ನ ನೀರನ್ನು ಮಾತ್ರ ಕುಡಿಯಲು ಹಿಡಿಯಬೇಡಿ. ಕಾಚಂಪುಳಿಯಲ್ಲಿ ಜಿಡ್ಡಿಲ್ಲ, ಹಾಗಾಗಿ ಥ್ಯಾಲೇಟ್ ಅಷ್ಟಾಗಿ ಇಳಿಯದು. ಆದರೂ ಅಷ್ಟು ಹುಳಿಯ ವಸ್ತುವನ್ನು ವರ್ಷಗಟ್ಟಲೆ ಇಡಲು ಗಾಜಿನ ಬಾಟಲಿಯೇ ಸರಿ. ಎಣ್ಣೆ ಹಾಕಿದ ಉಪ್ಪಿನಕಾಯಿಯನ್ನು ಗಾಜಿನ ಜಾಡಿಯಲ್ಲಿಟ್ಟರೂ ತಗಡಿನ ಮುಚ್ಚಳದ ಒಳಗಿನ ಮೆತ್ತನೆಯ ಪದರಕ್ಕೆ ಎಣ್ಣೆ ತಾಗದಂತೆ ಜಾಡಿಯನ್ನು ನೆಟ್ಟಗೆ ನಿಲ್ಲಿಸಿಡಿ.