ಮೈಸೂರಿನಲ್ಲಿ ಮನೆ ಕೊಳ್ಳುವ ಮುಂಚೆ ಸಂಪಿನ ಮುಚ್ಚಳ ತೆಗೆಸಿ ನೋಡಿ

ಪ್ರಶ್ನೆ: ಮುಂದಿನ ವರ್ಷ ನನಗೆ ನಿವೃತ್ತಿ. ಬೆಂಗಳೂರು ಸಾಕಾಗಿದೆ, ಮೈಸೂರಿನಲ್ಲಿ 30x40 ಸೈಟಿನ ಮನೆ ತೆಗೆದುಕೊಳ್ಳೋಣ ಅಂತಿದ್ದೇವೆ. ಎರಡು ಭಾನುವಾರ ಹೋಗಿ ರಿಂಗ್ ರೋಡ್ ಆಚೆ ಒಂದು ಮನೆ ನೋಡಿಕೊಂಡು ಬಂದೆವು. ಟೋಕನ್ ಕೊಡಿ ಅಂತ ಬ್ರೋಕರ್ ಅವಸರ ಮಾಡುತ್ತಿದ್ದಾರೆ. ಕೊಡಬಹುದಾ?
— ಓದುಗರು, ರಾಜಾಜಿನಗರ

ಉತ್ತರ: ಈಗಲೇ ಬೇಡ ಸರ್. ಭಾನುವಾರ ನೋಡಿದ ಮೈಸೂರೇ ಬೇರೆ, ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೂಟಗಳ್ಳಿ ಕಡೆ ಕಂಪನಿ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಂಡಾಗ ಕಾಣುವ ಮೈಸೂರೇ ಬೇರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತಲ್ಲ, ಈಗ ಎಲ್ಲರ ಬಾಯಲ್ಲೂ 'ಬೆಂಗಳೂರಿಗೆ ಒಂದೂವರೆ ಗಂಟೆ'. ಅದು ಕೆಂಗೇರಿಯಿಂದ ಮೈಸೂರಿನ ಅಂಚಿನ ಮಣಿಪಾಲ್ ಆಸ್ಪತ್ರೆ ಜಂಕ್ಷನ್‌ವರೆಗಿನ ಲೆಕ್ಕ, ನಿಮ್ಮ ರಾಜಾಜಿನಗರದ ಮನೆ ಬಾಗಿಲಿನಿಂದ ಅಲ್ಲ.

ನನ್ನ ಸಲಹೆ ಒಂದೇ. ಅದೇ ಏರಿಯಾದಲ್ಲಿ ಒಂದು ಮಳೆಗಾಲ ಬಾಡಿಗೆಗಿರಿ, ಅಕ್ಟೋಬರ್ ಕಳೆಯುವವರೆಗೂ ಇರಿ, ಯಾಕಂದ್ರೆ ಮೈಸೂರಿನಲ್ಲಿ ಆ ತಿಂಗಳ ಮಳೆ ಜೋರು. ನನ್ನ ಷಡ್ಡಕರು ಜನವರಿಯಲ್ಲಿ ಸೈಟು ನೋಡಿದ್ದರು, ನೆಲ ಒಣಗಿ ಗಟ್ಟಿಯಾಗಿತ್ತು, ಖುಷಿಯಾಗಿ ಕೊಂಡರು. ಅಕ್ಟೋಬರಿನಲ್ಲಿ ಹೋದರೆ ಪಾಯದ ಗುಂಡಿಯಲ್ಲಿ ಮೊಣಕಾಲುದ್ದ ನೀರು! ಪಕ್ಕದ ಕೆರೆಗೆ ಹೋಗುವ ಕಾಲುವೆ ಮೊದಲು ಅಲ್ಲೇ ಹಾದುಹೋಗುತ್ತಿತ್ತು. ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡುವುದಕ್ಕೆ ಎರಡು ನಿಮಿಷ ಸಾಕಿತ್ತು.

ಬಾಡಿಗೆಗಿರಲು ಆಗದಿದ್ದರೆ ವಾರದ ನಡುವೆ, ಸಂಜೆ ಏಳರ ಮೇಲೆ ಒಮ್ಮೆ ಹೋಗಿ. ಮನೆಯವರಿಗೆ ಹೇಳಿ ಸಂಪಿನ ಮುಚ್ಚಳ ತೆಗೆಸಿ. ಒಳಗೆ ಎರಡು ಪೈಪು ಕಾಣುತ್ತಾ, ಒಂದೇನಾ? ಬೋರಿನದ್ದು ಮಾತ್ರ ಇದ್ದರೆ ಕಾವೇರಿ, ಕಬಿನಿ ನೀರು ಇನ್ನೂ ಆ ಬೀದಿಗೆ ಬಂದಿಲ್ಲ ಅಂತಲೇ ಇಟ್ಟುಕೊಳ್ಳಿ. ಗೇಟಿನ ಮುಂದಿನ ಮಣ್ಣಿನಲ್ಲಿ ಟ್ಯಾಂಕರ್ ಚಕ್ರದ ಗುರುತು ಇದೆಯಾ ನೋಡಿ. ಮೂಲೆಯ ಅಂಗಡಿಯಲ್ಲಿ ಒಂದು ಟೀ ಕುಡಿಯಿರಿ, ಅಲ್ಲಿ ಗೊತ್ತಾಗುವಷ್ಟು ಬ್ರೋಷರ್‌ನಲ್ಲಿ ಗೊತ್ತಾಗಲ್ಲ. ಒಳಚರಂಡಿ ಲೈನು ಲೇಔಟಿನ ಗೇಟು ದಾಟಿ ಮುಂದೆ ಎಲ್ಲಿಗೆ ಸೇರುತ್ತೆ ಅಂತಲೂ ಕೇಳಿ. ಎಷ್ಟೋ ಖಾಸಗಿ ಲೇಔಟ್‌ಗಳಲ್ಲಿ ಮ್ಯಾನ್‌ಹೋಲ್ ಚೆನ್ನಾಗಿರುತ್ತವೆ, ಆದರೆ ಆ ನೀರು ಹೋಗಿ ಬೀಳುವುದು ಪಕ್ಕದ ಹೊಲಕ್ಕೋ ಹಳ್ಳಕ್ಕೋ.

ಇನ್ನೊಂದು ವಿಷಯ. ರಿಂಗ್ ರೋಡ್ ಆಚೆಗೆಲ್ಲ 'ಮೈಸೂರು' ಅಂತ ಬೋರ್ಡಿದ್ದರೂ ಅದೆಲ್ಲ ಪಾಲಿಕೆಗೆ ಸೇರಿದ್ದು ಅಂದುಕೊಳ್ಳಬೇಡಿ. ಹೂಟಗಳ್ಳಿಗೆ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿಗೆ ಪಟ್ಟಣ ಪಂಚಾಯಿತಿ ಅಂತ ಬೇರೆಯಾಗಿಯೇ ಮಾಡಿದ್ದರು, ಈಗ ಯಾವುದಕ್ಕೆ ಸೇರಿದೆ ಅಂತ ವಿಚಾರಿಸಿ. ನಿಮ್ಮ ಕಸ ಯಾರು ಎತ್ತುತ್ತಾರೆ, ಬೀದಿದೀಪ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಆ ಲೇಔಟನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ್ದಾರಾ ಇಲ್ವಾ ಅನ್ನುವುದರ ಮೇಲೆ ನಿಂತಿದೆ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗಿನ ಎಂಡಿಎ) ಅಪ್ರೂವ್ಡ್ ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡಿ, ನಕ್ಷೆಯ ಪ್ರತಿ ಕೇಳಿ, ಅದರಲ್ಲಿ ಪಾರ್ಕ್ ಅಂತ ಇರುವ ಜಾಗದಲ್ಲಿ ಈಗ ಏನಿದೆ ಅಂತ ನಡೆದುಹೋಗಿ ನೋಡಿ. ಇ-ಖಾತಾ, ಇಸಿ (ಋಣಭಾರ ಪತ್ರ), ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ವಸತಿಗೆ ಬದಲಿಸಿದ್ದು) ಇವನ್ನು ಬ್ರೋಕರ್ ಹೇಳಿದ ವಕೀಲರಿಗೆ ಬೇಡ, ನೀವೇ ಹುಡುಕಿದ ವಕೀಲರಿಗೆ ತೋರಿಸಿ.

ಬ್ರೋಕರ್‌ಗೆ 'ಮಳೆ ಮುಗೀಲಿ ಸ್ವಾಮಿ' ಅನ್ನಿ. ಬೇರೆ ಪಾರ್ಟಿ ಬಂದಿದ್ದಾರೆ ಅಂತ ಹೆದರಿಸುತ್ತಾರೆ, ಹೆದರಿಸಲಿ ಬಿಡಿ. ಮುಂದಿನ ಸಲ ಹೋದಾಗ ಅದೇ ಬೀದಿಯಲ್ಲಿ 'ಮಾರಾಟಕ್ಕಿದೆ' ಬೋರ್ಡು ಎಷ್ಟಿವೆ ಅಂತ ಎಣಿಸಿ.