ಗುಂಪಿನಿಂದ ತೆಗೆದವರಿಗೆ ಮೆಸೇಜ್ ಕಾಣುತ್ತದೆಯೇ?

ಪ್ರಶ್ನೆ: ನಮ್ಮ ಕನ್ನಡ ಸಂಘದ ಸಮಿತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ 40 ಜನರಿದ್ದೆವು. ಸಮಿತಿ ಬಿಟ್ಟ ಒಬ್ಬರನ್ನು ತೆಗೆದೆವು. ಆದರೂ ಹೊಸ ಮಾತುಕತೆ ಅವರಿಗೆ ಗೊತ್ತಾಗುತ್ತಿದೆ. ಗುಂಪಿನ ಕೀಲಿ ಅವರ ಫೋನಿನಲ್ಲೇ ಉಳಿದಿದೆಯೇ? ದಾನಿಗಳ ಪ್ಯಾನ್ ನಂಬರುಗಳ ಪಟ್ಟಿಯೂ ಗುಂಪಿನಲ್ಲಿದೆ.
— ಓದುಗರು, ಡೊಂಬಿವಲಿ

ಉತ್ತರ: ಹಳೆಯ ಕೀಲಿ ಉಳಿದಿದ್ದರೂ ಹೊಸ ಮೆಸೇಜ್ ಅದರಿಂದ ತೆರೆಯುವುದಿಲ್ಲ. ಇಡೀ ಗುಂಪಿಗೆ ಒಂದೇ ಕೀಲಿ ಎಂಬುದಿಲ್ಲ. ಪ್ರತಿಯೊಬ್ಬರ ಫೋನೂ ತನ್ನದೇ ‘ಸೆಂಡರ್ ಕೀ’ ತಯಾರಿಸಿ, ಉಳಿದವರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಗೂಢಲಿಪಿಯಲ್ಲಿ ಕಳಿಸಿರುತ್ತದೆ. ಆಮೇಲೆ ಮೆಸೇಜನ್ನು ಒಂದೇ ಸಲ ಗೂಢಗೊಳಿಸಿದರೆ ಸಾಕು, ಸರ್ವರ್ ಅದನ್ನೇ ಎಲ್ಲರಿಗೂ ಹಂಚುತ್ತದೆ. ಒಬ್ಬರು ಹೊರಬಿದ್ದರೆ ಎಲ್ಲರ ಕೀಲಿಯೂ ರದ್ದು. ಮುಂದಿನ ಮೆಸೇಜ್ ಹಾಕುವಾಗ ಹೊಸದು ಹೊರಡುತ್ತದೆ. ನಿಮ್ಮಲ್ಲಿ 39 ಜನ, ಕೀಲಿಯ ತಲಾ 38 ಪ್ರತಿ, ಫೋನುಗಳದ್ದೇ ಲೆಕ್ಕ 1,482. ಸಾವಿರ ಜನರಾದರೆ ಹತ್ತು ಲಕ್ಷದ ಹತ್ತಿರ. ಈ ಹೊರೆ ಇಳಿಸಲೆಂದೇ ಇಂಟರ್ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2023ರ ಜುಲೈನಲ್ಲಿ ಎಂಎಲ್‌ಎಸ್ ಎಂಬ ಗುಂಪು ಮೆಸೇಜ್ ಗೂಢಲಿಪಿಯ ಮಾನಕವನ್ನು ಹೊರತಂದಿತು, ಸಂಖ್ಯೆ ಆರ್‌ಎಫ್‌ಸಿ 9420. ಅದರಲ್ಲಿ ಕೀಲಿಗಳು ಮರದ ಕೊಂಬೆಗಳಂತೆ ಜೋಡಣೆಯಾಗಿರುತ್ತವೆ. ಬುಡದವರೆಗಿನ ಒಂದು ದಾರಿಯನ್ನು ಬದಲಿಸಿದರಾಯಿತು. ಸಾವಿರ ಜನಕ್ಕೂ ಅನುಕೂಲದ ಸ್ಥಿತಿಯಲ್ಲಿ ಸುಮಾರು ಹತ್ತು ಹಂತ.

ಹಾಗಾದರೆ ಸೋರುತ್ತಿರುವುದು ಎಲ್ಲಿ? ಮೊದಲು ಸಂಘದ ಕಚೇರಿಯ ಕಂಪ್ಯೂಟರ್ ನೋಡಿ. ಕಾರ್ಯದರ್ಶಿಗಳ ವಾಟ್ಸ್‌ಆ್ಯಪ್ ವೆಬ್ ಲಾಗಿನ್ ಆಗಿಯೇ ಉಳಿದಿದ್ದರೆ, ಕೀಲಿ ಎಷ್ಟು ಸಲ ಬದಲಾದರೂ ಆ ಕಂಪ್ಯೂಟರಿಗೂ ಹೊಸದು ಬಂದೇ ಬರುತ್ತದೆ. ಎದುರು ಕೂತವರು ಯಾರಾದರೂ ಓದಬಹುದು. ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆಯಿರಿ. ಪ್ರತಿ ಸಾಧನದ ಹೆಸರಿನ ಕೆಳಗೆ ಕೊನೆಯ ಸಲ ಬಳಸಿದ ಸಮಯ ಇರುತ್ತದೆ. ಗುರುತು ಸಿಗದ್ದನ್ನು ಒತ್ತಿ ಲಾಗೌಟ್ ಮಾಡಿ. ಒಂದು ಫೋನಿಗೆ ನಾಲ್ಕು ಸಾಧನ ಜೋಡಿಸಬಹುದು, ಆದ್ದರಿಂದ 39 ಜನರೂ ಇದನ್ನು ಮಾಡಲೇಬೇಕು.

ಇನ್ನೊಂದು, ಇನ್‌ವೈಟ್ ಲಿಂಕ್. ಹಳೆಯ ಲಿಂಕ್ ಹಿಡಿದು ಬೇರೆ ನಂಬರಿನಿಂದ ಒಳಬರಲು ಸಾಧ್ಯ. ಅಡ್ಮಿನ್ ‘ರೀಸೆಟ್ ಲಿಂಕ್’ ಒತ್ತಲಿ, ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಆಯ್ಕೆ ಆನ್ ಮಾಡಲಿ, ಸದಸ್ಯರ ಪಟ್ಟಿಯನ್ನು ನಂಬರ್ ಸಮೇತ ತಾಳೆ ನೋಡಲಿ. ಬ್ಯಾಕಪ್‌ಗೂ ಎಂಡ್‌-ಟು-ಎಂಡ್ ಎನ್‌ಕ್ರಿಪ್ಷನ್ ಹಾಕಿಕೊಳ್ಳಿ. ಪಾಸ್‌ವರ್ಡ್ ಅಥವಾ 64 ಅಂಕಿಗಳ ಕೀಲಿ ಕಳೆದರೆ ಬ್ಯಾಕಪ್ ಯಾರಿಂದಲೂ ತೆರೆಯಲಾಗದು, ಬರೆದಿಡಿ.

ಇಷ್ಟೆಲ್ಲ ಆದಮೇಲೂ ಸುದ್ದಿ ಹೋಗುತ್ತಿದ್ದರೆ ಒಳಗಿನವರೇ ಫಾರ್ವರ್ಡ್ ಮಾಡುತ್ತಿರಬಹುದು. ಅದಕ್ಕೆ ಗೂಢಲಿಪಿಯಲ್ಲಿ ಮದ್ದಿಲ್ಲ.

ಪ್ಯಾನ್ ಪಟ್ಟಿಯ ವಿಷಯ ಬೇರೆ. ಅದು ಈಗಾಗಲೇ ನೀವು ತೆಗೆದವರ ಫೋನಿಗೆ ಇಳಿದಿದೆ, ವಾಪಸ್ ಪಡೆಯಲು ದಾರಿಯಿಲ್ಲ. ದಾನಿಗಳಿಗೆ ಈ ಮಾತು ತಿಳಿಸುವುದು ಸಂಘದ ಕರ್ತವ್ಯ. ಇನ್ನು ಮುಂದೆ ದಾನದ ತೆರಿಗೆ ರಿಯಾಯಿತಿಯ ರಸೀದಿಗೆ ಬೇಕಾದ ಪ್ಯಾನ್ ನಂಬರನ್ನು ದಾನಿಗಳು ಖಜಾಂಚಿಯವರಿಗೆ ಮಾತ್ರ ಕಳಿಸಲಿ.