ಭಾಷಣ ಕ್ಲಬ್‌ನ ಹೊಸ ಪದಾಧಿಕಾರಿಗಳಿಗೆ ಒಂದೇ ದಿನದಲ್ಲಿ ಏನು ಕಲಿಸಬಹುದು?

ನಿಮ್ಮ ಪ್ರಶ್ನೆ ಇದು: ಶಿರಸಿಯ ನಿಮ್ಮ ಟೋಸ್ಟ್‌ಮಾಸ್ಟರ್ಸ್ (ಭಾಷಣ ಅಭ್ಯಾಸದ) ಕ್ಲಬ್‌ನಲ್ಲಿ ಜುಲೈ 1ರಿಂದ ಏಳೂ ಹುದ್ದೆಗೆ ಹೊಸಬರು. ಎಲ್ಲರಿಗೂ ನೌಕರಿ ಇದೆ, ಇಲ್ಲವೇ ತೋಟ ಇದೆ. ಸಿಗುವುದು ಒಂದು ಭಾನುವಾರ. ಏನು ಕಲಿಸಬೇಕು?

ಭಾಷಣ ಒಂದನ್ನು ಬಿಟ್ಟು ಉಳಿದದ್ದನ್ನು ಕಲಿಸಿ. ನಾನು ಕುಮಟಾದವನು, ಇಂಥ ತರಬೇತಿಗಳಿಗೆ ಕೈಜೋಡಿಸುತ್ತ ಬಂದವನು. ನಮ್ಮ ಜಿಲ್ಲೆಯಲ್ಲಿ ಮಾತಾಡುವವರಿಗೆ ಬರ ಇಲ್ಲ. ತಾಳಮದ್ದಲೆಯಲ್ಲಿ ಅರ್ಥ ಹೇಳಿ ಪಳಗಿದವರು ಬೇಕಾದಷ್ಟು ಜನ ಇದ್ದಾರೆ. (ಅವರಿಗೆ 5ರಿಂದ 7 ನಿಮಿಷದ ಭಾಷಣ ಅಂದರೆ ಪೀಠಿಕೆಗೂ ಸಾಲದು, ಅದು ಬೇರೆ ವಿಷಯ.) ಮುಂದಿನ ಸಭೆಗೆ ಯಾರು ಮಾತಾಡುತ್ತಾರೆ ಅಂತ ಫೋನ್ ಮಾಡಿ ಪಟ್ಟಿ ತುಂಬಿಸುವವರು ಸಿಗುವುದೇ ಕಷ್ಟ.

ಆ ಕೆಲಸ ವೈಸ್ ಪ್ರೆಸಿಡೆಂಟ್ ಎಜುಕೇಶನ್ ಅವರದ್ದು. ನನ್ನ ಲೆಕ್ಕದಲ್ಲಿ ಕ್ಲಬ್ ನಡೆಯುವುದೇ ಆ ಹುದ್ದೆಯ ಮೇಲೆ, ಅಧ್ಯಕ್ಷರ ಮೇಲೆ ಅಲ್ಲ. ಭಾನುವಾರದ ಅರ್ಧ ಹೊತ್ತು ಅವರಿಗೇ ಕೊಡಿ. ಸ್ಲೈಡ್ ತೋರಿಸಿ ಕರ್ತವ್ಯಗಳನ್ನು ಓದಬೇಡಿ, ಅದನ್ನು ಯಾರೂ ನೆನಪಿಡುವುದಿಲ್ಲ. ಮುಂದಿನ ನಾಲ್ಕು ಸಭೆಗಳ ಖಾಲಿ ಪಟ್ಟಿ ಕೈಗೆ ಕೊಟ್ಟು, ಅಲ್ಲೇ ಕೂತು ಸದಸ್ಯರಿಗೆ ಫೋನ್ ಮಾಡಿಸಿ. ಭಾಷಣಕಾರರು, ವಿಮರ್ಶಕರು, ಟೈಮರ್, ಟೇಬಲ್ ಟಾಪಿಕ್ಸ್ (ಸ್ಥಳದಲ್ಲೇ ಕೊಟ್ಟ ವಿಷಯದ ಮೇಲೆ ಮಾತಾಡಿಸುವುದು) ನಡೆಸುವವರು, ಎಲ್ಲ ಹೆಸರೂ ಬರೆದಾಗಬೇಕು. ‘ನೋಡುವಾ’ ಅಂದವರನ್ನು ಒಪ್ಪಿದವರ ಲೆಕ್ಕಕ್ಕೆ ಹಾಕಬಾರದು ಅನ್ನುವುದು ಎರಡನೇ ಕರೆಗೇ ಗೊತ್ತಾಗುತ್ತದೆ. ಆಮೇಲೆ ನೀವೇ ಒಂದು ತೊಡಕು ಹಾಕಿ: ಸಭೆಗೆ ಒಂದು ಗಂಟೆ ಇದೆ, ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ವಿಮರ್ಶಕರು ಸಿಕ್ಕಿಬಿದ್ದಿದ್ದಾರೆ, ಈಗ ಯಾರು? ಮಳೆಗಾಲದಲ್ಲಿ ಇದು ಸುಮ್ನೆ ಕಲ್ಪನೆ ಅಲ್ಲ, ಅಲ್ವಾ?

ಖಜಾಂಚಿಗೆ ಎರಡು ತಾರೀಕು ಬಾಯಿಪಾಠ ಆಗಬೇಕು: ಅಕ್ಟೋಬರ್ 1, ಏಪ್ರಿಲ್ 1. ಸದಸ್ಯತ್ವದ ನವೀಕರಣಕ್ಕೆ ಅವೇ ಗಡುವು. ಕನಿಷ್ಠ 8 ಜನರ ಹಣ ಟೋಸ್ಟ್‌ಮಾಸ್ಟರ್ಸ್ ಕೇಂದ್ರ ಸಂಸ್ಥೆಗೆ ಹೋಗಬೇಕು, ಅವರಲ್ಲಿ 3 ಜನ ಹಳಬರಾಗಿರಬೇಕು. ಇಲ್ಲದಿದ್ದರೆ ಕ್ಲಬ್‌ನ ಮಾನ್ಯತೆಗೇ ತೊಂದರೆ. ಗಡುವಿಗೆ ಒಂದು ತಿಂಗಳು ಮೊದಲೇ ಕೇಳಲು ಶುರು ಮಾಡಬೇಕು. ಪರಿಚಯದವರ ಹತ್ತಿರ ದುಡ್ಡು ಕೇಳುವುದು ನಮ್ಮ ಕಡೆ ಬಹಳ ಸಂಕೋಚದ ಕೆಲಸ. ಅದನ್ನೂ ಒಮ್ಮೆ ಎದುರೆದುರು ಕೂರಿಸಿ ಅಭ್ಯಾಸ ಮಾಡಿಸಿ. ನಗು ಬರುತ್ತದೆ, ಬರಲಿ.

ಸದಸ್ಯತ್ವ ನೋಡಿಕೊಳ್ಳುವವರು ಬಂದ ಅತಿಥಿಗೆ ಮರುದಿನವೇ ಫೋನ್ ಮಾಡಬೇಕು. ಪ್ರಚಾರದವರಿಗೆ, ಕಾರ್ಯದರ್ಶಿಗೆ ಹತ್ತತ್ತು ನಿಮಿಷ ಸಾಕು. ಸಹಕಾರಿ ಸಂಘಗಳ ಊರಿನಲ್ಲಿ ನಡಾವಳಿ ಬರೆಯುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಸಾರ್ಜೆಂಟ್ ಅಟ್ ಆರ್ಮ್ಸ್‌ಗೆ, ಅಂದರೆ ಸಭೆಯ ಜಾಗದ ವ್ಯವಸ್ಥೆ ನೋಡಿಕೊಳ್ಳುವವರಿಗೆ, ಹಾಲ್‌ನ ಕೀಲಿ ಯಾರ ಹತ್ತಿರ ಇರುತ್ತದೆ, ಕರೆಂಟ್ ಹೋದರೆ ಏನು ಅನ್ನುವುದು ಗೊತ್ತಿದ್ದರೆ ಮುಕ್ಕಾಲು ಪಾಲು ಮುಗಿಯಿತು.

ಆದರೆ ಒಂದು ಭಾನುವಾರವನ್ನೇ ನಂಬಬೇಡಿ. ಚುನಾವಣೆ ಮೇ ತಿಂಗಳಲ್ಲೇ ಆಗಿರುತ್ತದೆ, ಅಧಿಕಾರ ಸಿಗುವುದು ಜುಲೈಯಲ್ಲಿ. ನಡುವಿನ ಜೂನ್ ಇಡೀ ಕೈಯಲ್ಲಿದೆ. ಜೂನ್ ಸಭೆಗಳನ್ನು ಹೊಸಬರೇ ನಡೆಸಲಿ, ಹಳಬರು ಪಕ್ಕದಲ್ಲಿ ಕೂರಲಿ, ಬಾಯಿ ಮುಚ್ಚಿಕೊಂಡು. ಹಳಬರಿಗೆ ಇದು ಜಾಸ್ತಿ ಕಷ್ಟ.

ಇದೆಲ್ಲ ಮನೆಯೊಳಗಿನ ತಯಾರಿ. ಡಿಸ್ಟ್ರಿಕ್ಟ್ (ಸರ್ಕಾರದ ಜಿಲ್ಲೆ ಅಲ್ಲ, ಹಲವು ಕ್ಲಬ್‌ಗಳು ಸೇರಿದ ಟೋಸ್ಟ್‌ಮಾಸ್ಟರ್ಸ್ ಘಟಕ) ನಡೆಸುವ ಅಧಿಕೃತ ತರಬೇತಿ ಬೇರೆ, ಅದನ್ನು ತಪ್ಪಿಸಬೇಡಿ. ಜೂನ್‌ನಿಂದ ಆಗಸ್ಟ್ ಒಂದು ಸುತ್ತು, ನವೆಂಬರ್‌ನಿಂದ ಫೆಬ್ರವರಿ ಇನ್ನೊಂದು. ಎರಡರಲ್ಲೂ ಏಳರಲ್ಲಿ ಕನಿಷ್ಠ ನಾಲ್ಕು ಜನ ಹಾಜರಾದರೆ ಮಾತ್ರ ಕ್ಲಬ್‌ನ ವಾರ್ಷಿಕ ಗುರಿಗಳಲ್ಲಿ ಅದು ಸೇರುತ್ತದೆ. ಎರಡನೇ ಸುತ್ತು ಸರಿಯಾಗಿ ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೇ ಬರುತ್ತದೆ. ಆಗ ತೋಟದವರನ್ನು ಕರೆದರೆ ಬೈಗುಳ ಖಾತ್ರಿ. ನೌಕರಿಯವರಲ್ಲಿ ನಾಲ್ವರನ್ನು ಮೊದಲೇ ಗೊತ್ತುಮಾಡಿ, ಸಿಗುವ ಮೊದಲ ತಾರೀಕಿಗೇ ಹೆಸರು ಕೊಟ್ಟುಬಿಡಿ.

ಬ್ಯಾಂಕ್ ಖಾತೆಗೆ ಸಹಿ ಬದಲಿಸುವ ಅರ್ಜಿಯನ್ನು ಮಾತ್ರ ಜುಲೈ ಮೊದಲ ವಾರದಲ್ಲೇ ಹಾಕಿಸಿ. ಹಳೆ ಖಜಾಂಚಿ ವರ್ಗವಾಗಿ ಊರು ಬಿಟ್ಟರೆ ಆ ಸಹಿಗಾಗಿ ಬಹಳ ಅಲೆಯಬೇಕಾಗುತ್ತದೆ.